ಗೋದಾಮಿಗೆ ಬಿದ್ದ ಬೀಗ

"ಇದೇನೇ ಇದು, ಆಂಡಾಳು?" ಎನ್ನುತ್ತಾ ಬದರೀನಾರಾಯಣರು ತಮ್ಮ ಬೀಗದ ಕಾರ್ಖಾನೆಯ ಬಾಗಿಲಲ್ಲೇ ನಿಂತುಬಿಟ್ಟರು.

ಹೊಸಿಲಿನ ಮುಂದೆ ಮಾರಗಲದ ರಂಗೋಲಿ, ಮೇಲೆ ಮಾವಿನ ತೋರಣ. ಒಳಗೆ ಲೇತ್ ಮಷಿನ್ನಿಗೆ ಅರಿಸಿನ ಕುಂಕುಮ, ಸೇವಂತಿಗೆ ಹಾರ. ಮುದುಕ ಕಾಳಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅದನ್ನು ಗರಗರನೆ ಓಡಿಸುತ್ತಿದ್ದ. ಕೊರೆಯಲು ಕಬ್ಬಿಣದ ಚೂರೂ ಇರಲಿಲ್ಲವಾದ್ದರಿಂದ ಮಷಿನ್ನು ಸುಮ್ಮನೆ ತಿರುಗುತ್ತಿತ್ತು.

ಬೆನ್ನ ಹಿಂದೆ ಆಟೋ ಇಳಿದು ಬರುತ್ತಿದ್ದವರು ದೆಹಲಿಯ ಅಧಿಕಾರಿ ಏಕಾಂತಯ್ಯ. ಅವೆನ್ಯೂ ರಸ್ತೆಯ ಅಂಗಡಿಗಳಿಗೆ ಚೀನಾ ಬೀಗ ಬಂದು ಸುರಿದ ಮೇಲೆ ಚಾಮರಾಜಪೇಟೆಯ ಬದರಿ ಬೀಗವನ್ನು ಮೂಸಿ ನೋಡುವವರೂ ಇರಲಿಲ್ಲ. ವರ್ಷಕ್ಕೆ ಇಷ್ಟೇ ಬೀಗ ಹೊರಗಿನಿಂದ ಬರಲಿ ಎಂದು ಮಿತಿ ಹಾಕಿ ಅಂತ ಬೀಗ ಮಾಡುವವರೆಲ್ಲ ಸರ್ಕಾರಕ್ಕೆ ಮೊರೆಯಿಟ್ಟಿದ್ದರು. ಇವರಿಗೆ ನಿಜವಾಗಿಯೂ ಪೆಟ್ಟು ಬಿದ್ದಿದೆಯೇ ಎಂದು ಕಣ್ಣಾರೆ ಕಂಡು ವರದಿ ಬರೆಯಲು ಏಕಾಂತಯ್ಯ ಬಂದಿದ್ದರು. ಮಿತಿ ಬಾರದಿದ್ದರೆ ದೀಪಾವಳಿಯ ಹೊತ್ತಿಗೆ ಕಾರ್ಖಾನೆ ಮುಚ್ಚುವುದು ಖಂಡಿತ.

"ಕಷ್ಟ ಎದ್ದು ಕಾಣೋ ಹಾಗಿರ್ಲಿ" ಎಂದು ಆಡಿಟರು ಹೇಳಿಕೊಟ್ಟಿದ್ದರು. ಅದಕ್ಕೇ ಬದರೀನಾರಾಯಣರು ಗಡ್ಡ ಬಿಟ್ಟಿದ್ದರು. ಮಾರಾಟವಾಗದೆ ಉಳಿದ ಬೀಗದ ಡಬ್ಬಗಳನ್ನು ಅಧಿಕಾರಿಯ ಕಾಲಿಗೆ ತೊಡರಲೇಬೇಕು ಎನ್ನುವಂತೆ ದಾರಿಯುದ್ದಕ್ಕೂ ಪೇರಿಸಿ, ಬೆಳಗ್ಗೆ ಅವರನ್ನು ಕರೆತರಲು ಹೋಗಿದ್ದರು. ಈಗ ಅಲ್ಲಿ ಒಂದು ಡಬ್ಬವೂ ಇಲ್ಲ.

"ದೂರದಿಂದ ಬರೋರು ಕಾಲಿಡಕ್ಕೆ ಜಾಗ ಬೇಡ್ವೇನ್ರೀ?" ಆಂಡಾಳಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ಎಲ್ಲಾ ಗೋದಾಮಿಗೆ ತುಂಬಿ ಬೀಗ ಒತ್ತಿದೀವಿ. ನಷ್ಟ ಇರ್ಬೋದು, ಹಾಗಂತ ಬಂದೋರಿಗೆ ಕಸ ತೋರಿಸಕ್ಕಾಗತ್ತಾ? ಬನ್ನಿ ಸಾರ್, ಪುಳಿಯೋಗರೆ ಆಗಿದೆ."

"ಗೂಟದಲ್ಲಿ ನನ್ನ ಹಳೇ ಕೋಟಿತ್ತಲ್ಲ?"

"ಅದನ್ನೂ ಒಳಗೆ ಹಾಕ್ದೆ. ಅಸಹ್ಯವಾಗಿತ್ತು."

ಬದರೀನಾರಾಯಣರು ಹಣೆ ಚಚ್ಚಿಕೊಂಡರು. ಬದರಿ ಬೀಗ ಹಾಕಲು ಒತ್ತಿದರೆ ಸಾಕು, ತೆಗೆಯಲು ಮಾತ್ರ ಬೀಗದ ಕೈ ಬೇಕು. ಗೋದಾಮಿನ ಎರಡು ಕೈಗಳೂ ಆ ಕೋಟಿನ ಜೇಬಿನಲ್ಲಿದ್ದವು.

ಏಕಾಂತಯ್ಯ ಅರಸೀಕೆರೆ ಕಡೆಯವರು, ಪುಳಿಯೋಗರೆಯನ್ನು ಎರಡು ಸಲ ಹಾಕಿಸಿಕೊಂಡು ತಿಂದರು. ಆಮೇಲೆ ಕೈ ತೊಳೆದು, "ಸ್ಟಾಕ್ ತೋರಿಸಿ. ಸಾಯಂಕಾಲ ನನಗೆ ಫ್ಲೈಟಿದೆ" ಎಂದರು.

ಕಾಳಪ್ಪ ಸುತ್ತಿಗೆ ತಂದು ಬೀಗಕ್ಕೆ ಬಾರಿಸಿದ. ಬೀಗ ಠಣ್ಣೆಂದಿತೇ ಹೊರತು ಅಲುಗಲಿಲ್ಲ. ಉಳಿಯಿಟ್ಟು ಹೊಡೆದ, ಉಳಿಯ ಮೂತಿ ಮುರಿಯಿತು. ಬೆಳಗಿನಿಂದ ಜೋಲು ಬಿದ್ದಿದ್ದ ಬದರೀನಾರಾಯಣರ ಮುಖ ಒಂದೊಂದು ಏಟಿಗೂ ಅರಳುತ್ತಾ ಹೋಯಿತು.

"ಇನ್ನೂ ಜೋರಾಗಿ ಹೊಡಿ ಕಾಳಪ್ಪ! ನೋಡಿದ್ರಾ ಸಾರ್, ಒಂದು ಗೀರೂ ಬಿದ್ದಿಲ್ಲ!"

"ಯಜಮಾನ್ರೇ, ಇದು ಆಗಾಕಿಲ್ಲ," ಕಾಳಪ್ಪ ಏದುಸಿರು ಬಿಟ್ಟ. "ಬಾಗ್ಲು ಲಡ್ಡಾಗೈತೆ. ಹಾರೆ ಹಾಕಿ ಮೀಟಿದ್ರೆ ಚಿಲಕಾನೇ ಕಿತ್ಕೊಂಡ್ ಬತ್ತದೆ."

"ಬೇಡ!" ಎಂದರು ಬದರೀನಾರಾಯಣರು. "ನಮ್ಮ ಬೀಗ ಇರೋ ಬಾಗಿಲನ್ನ ನಾವೇ ಮೀಟಿ ತೆಗೆದ್ರೆ, ಕಳ್ಳನಿಗೂ ನಮಗೂ ಏನೋ ವ್ಯತ್ಯಾಸ?"

ಏಕಾಂತಯ್ಯ ನಕ್ಕರು. "ಇಷ್ಟು ಗಟ್ಟಿ ಬೀಗ ಒಂದ್ಸಲ ತಗೊಂಡೋರು ಮತ್ತೆ ಯಾವಾಗ ಬರ್ತಾರೆ?"

"ಯಾಕ್ ಬರ್ಬೇಕು ಸಾರ್? ಮೊಮ್ಮಕ್ಕಳ ಕಾಲಕ್ಕೂ ಅದೇ ಆಗತ್ತೆ!"

ಹೇಳಿ ಮುಗಿಯುವಷ್ಟರಲ್ಲಿ ಏಕಾಂತಯ್ಯನವರ ಪೆನ್ನು ಸರಸರ ಓಡಿತು. ಗಿರಾಕಿ ಬಾರದಿರಲು ಚೀನಾದವರು ಕಾರಣವಲ್ಲ, ಬೀಗವೇ ಕಾರಣ ಎಂದು ತಾವೇ ಬರೆಸಿದಂತಾಯಿತೆಂದು ಬದರೀನಾರಾಯಣರಿಗೆ ಆಗ ಹೊಳೆಯಿತು. ತಮ್ಮ ನಾಲಿಗೆಯ ಮೇಲೆ ಅವರಿಗೇ ಅಸಾಧ್ಯ ಸಿಟ್ಟು ಬಂತು.

ಆಂಡಾಳಮ್ಮ ಪುಳಿಯೋಗರೆ ಗೊಜ್ಜನ್ನು ಡಬ್ಬಿಗೆ ಹಾಕಿ ತಂದು, "ಬ್ಯಾಗಲ್ಲಿ ಇಟ್ಕೊಳ್ಳಿ" ಎಂದರು. ಏಕಾಂತಯ್ಯನವರ ಬ್ಯಾಗಿಗೆ ಬೆರಳುಗುರಿನಷ್ಟು ಹೊಳೆಯುವ ಚೀನಾ ಬೀಗವಿತ್ತು. ಅದರ ಕೈ ತಿರುಗದೆ ಸಿಕ್ಕಿಕೊಂಡಿತು. ಆಂಡಾಳಮ್ಮ ತುರುಬಿನ ಪಿನ್ನು ತೆಗೆದು ಚುಚ್ಚಿದ್ದೇ ತಡ, ಬೀಗ ಬಾಯಿಬಿಟ್ಟಿತು. ಕಾಳಪ್ಪ ಗೋಡೆಯ ಕಡೆ ತಿರುಗಿಕೊಂಡು ಕೆಮ್ಮಿದ.

ಆಟೋ ಹತ್ತಿದ ಏಕಾಂತಯ್ಯ ಯಾಕೋ ಮತ್ತೆ ಇಳಿದು ಬಂದರು.

"ನಿಮ್ಮದು ಒಂದು ಬೀಗ ಕೊಡಿ. ಡೆಲ್ಲಿ ಮನೆಗೆ. ದುಡ್ಡು ತಗೋಬೇಕು ಮತ್ತೆ."

ಬದರೀನಾರಾಯಣರು ಅವರ ಮುಖವನ್ನೇ ನೋಡಿದರು. ತಾವಾಗಿ ಹುಡುಕಿಕೊಂಡು ಬಂದು ಬದರಿ ಬೀಗ ಕೇಳಿದವರನ್ನು ಕಂಡು ಎಷ್ಟೋ ತಿಂಗಳಾಗಿತ್ತು. ಕೊಡೋಣವೆಂದರೆ ಇದ್ದಬದ್ದ ಬೀಗವೆಲ್ಲ ಗೋದಾಮಿನ ಒಳಗೆ.

"ಗಿರಾಕೀನ ಬರಿಗೈಲಿ ಕಳಿಸೋದಾ? ಹಾರೆ ತಾರೋ ಕಾಳಪ್ಪ!"

ಕಾಳಪ್ಪನಿಗೂ ಕೊಡದೆ ಅವರೇ ಪಂಚೆ ಎತ್ತಿಕಟ್ಟಿ ಮೀಟಿದರು. ಚಿಲಕ ಲಟಲಟನೆ ಕಿತ್ತು ಬಾಗಿಲು ತೆರೆದುಕೊಂಡಿತು. ಸೂರಿನವರೆಗೆ ತುರುಕಿದ್ದ ಡಬ್ಬಗಳು ದಬದಬನೆ ಉರುಳಿ ಏಕಾಂತಯ್ಯನವರ ಮೊಣಕಾಲ ಮಟ್ಟಕ್ಕೆ ಬಂದು ನಿಂತವು. ಅವರು ಅಲ್ಲಾಡಲಾಗದೆ ನಿಂತಲ್ಲೇ ಒಳಗೆ ಇಣುಕಿದರು, ತುಂಬ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಮತ್ತೆ ಪೆನ್ನು ತೆಗೆದರು.

ಬದರೀನಾರಾಯಣರು ಅದನ್ನು ನೋಡಲಿಲ್ಲ. ಮುರಿದ ಚಿಲಕದ ಜೊತೆ ನೆಲಕ್ಕೆ ಬಿದ್ದಿದ್ದ ಬೀಗವನ್ನು ಎತ್ತಿಕೊಂಡು, ಪಂಚೆಯ ಅಂಚಿನಿಂದ ಒರೆಸಿ, ಒಮ್ಮೆ ಜಗ್ಗಿ ನೋಡಿದರು. ಹಾಕಿದ್ದು ಹಾಕಿದ ಹಾಗೇ ಇತ್ತು.