ಎಡ್ವಿನ್ನನ ಉದ್ದ ಸಿಳ್ಳೆ

ಜುಲೈ ತಿಂಗಳ ಮೊದಲ ವಾರ. ಗುಡ್ಡದ ಮೇಲಿನ ಕುರಿಗಳನ್ನೆಲ್ಲ ಕೆಳಗಿಳಿಸಿ ಉಣ್ಣೆ ಕತ್ತರಿಸುವ ಕಾಲ. ಇಂಗ್ಲೆಂಡಿನ ಕಂಬ್ರಿಯಾದ ಆ ಕಣಿವೆಯಲ್ಲಿ ಮಳೆ ನಿಂತು ಮೂರು ದಿನವಾಗಿತ್ತು, ಉಣ್ಣೆ ಒಣಗಿತ್ತು, ಇನ್ನು ಕಾಯುವ ಹಾಗಿರಲಿಲ್ಲ. ಬೆಳಗ್ಗೆ ಐದಕ್ಕೇ ಎಡ್ವಿನ್ ಬರ್ಕೆಟ್ ಗುಡ್ಡವನ್ನು ಅರ್ಧ ಏರಿ ಕಲ್ಲುಗೋಡೆಗೆ ಒರಗಿ ನಿಂತಿದ್ದ. ಅವನ ನಾಯಿ ಟ್ವೀಡ್ ಮುಕ್ಕಾಲು ಮೈಲಿ ಆಚೆ, ನೂರಿಪ್ಪತ್ತು ಕುರಿಗಳ ಹಿಂದೆ, ಒಂದು ಕಪ್ಪು ಬಿಳಿ ಚುಕ್ಕೆಯಾಗಿ ಓಡುತ್ತಿತ್ತು.

ಅಷ್ಟು ದೂರಕ್ಕೆ ಬಾಯಿಮಾತು ಹೋಗುವುದಿಲ್ಲ, ಬಾಯಲ್ಲಿಟ್ಟು ಊದುವ ಚಪ್ಪಟೆ ತಗಡಿನ ಸೀಟಿಯೇ ಆಗಬೇಕು. ಎರಡು ಮೊಟಕು ಸಿಳ್ಳೆ ಕೇಳಿದರೆ ನಾಯಿ ಮುಂದಕ್ಕೆ ನುಗ್ಗುತ್ತದೆ. ಒಂದೇ ಉದ್ದ ಸಿಳ್ಳೆ ಕೇಳಿದರೆ ಇದ್ದಲ್ಲೇ ಮಲಗುತ್ತದೆ. ಕುರಿಗಳು ಬೆದರಿ ಗುಡ್ಡದ ನೆತ್ತಿಯ ಕಡೆ ತಿರುಗಿದ್ದನ್ನು ಕಂಡು ಎಡ್ವಿನ್ ಆ ಉದ್ದ ಸಿಳ್ಳೆಗೆಂದು ಉಸಿರೆಳೆದ. ಊದಿದ. ಅರ್ಧದಲ್ಲಿ ಕೆಮ್ಮು ಬಂತು. ಉದ್ದನೆಯ ಸಿಳ್ಳೆ ನಡುವೆ ತುಂಡಾಗಿ ಎರಡು ಮೊಟಕಾಯಿತು.

ಟ್ವೀಡ್ ಅಂದರೆ ಹೇಳಿದ ಮಾತು ಕೇಳುವ ನಾಯಿ. ಮುಂದಕ್ಕೆ ನುಗ್ಗಿತು. ನೂರಿಪ್ಪತ್ತು ಕುರಿಗಳೂ ನೆತ್ತಿ ದಾಟಿ ಆಚೆ ಕಣಿವೆಗೆ ಇಳಿದುಹೋದವು.

ಮಧ್ಯಾಹ್ನದ ಹೊತ್ತಿಗೆ ಅವನ್ನು ಹೊಡೆದುಕೊಂಡು ಬಂದವಳು ಆಚೆ ಕಣಿವೆಯ ಮಾರ್ಜರಿ ಟೈಸನ್. ಅರವತ್ತಾರು ವರ್ಷದ ಹೆಂಗಸು, ಒಬ್ಬಳೇ ಮುನ್ನೂರು ಕುರಿ ಸಾಕುವವಳು. ಅಂಗಳದ ಗೇಟು ತೆಗೆಯುತ್ತಲೇ ಅವಳ ಬಾಯಿ ಶುರುವಾಯಿತು.

"ಏನೋ ಮಾರಾಯ, ನಿನ್ನ ಕುರಿಗಳು ಟೀ ಕುಡಿಯೋಕೆ ಅಂತ ನಮ್ಮನೆಗೆ ಬಂದಿದ್ವು. ಬಿಸ್ಕತ್ತು ಸಾಲ್ಲಿಲ್ಲ."

"ತಪ್ಪಾಯ್ತು ಮಾರ್ಜರಿ. ಕೆಮ್ಮು ಬಂದ್ಬಿಡ್ತು."

"ಕೆಮ್ಮು ತಾನಾಗಿ ಬರಲಿಲ್ಲ. ಮೂವತ್ತೈದು ವರ್ಷದಿಂದ ನೀನೇ ಸಿಗರೇಟು ಸುತ್ತಿ ಸುತ್ತಿ ಕರೀತಿದ್ದೀಯ."

ಎಡ್ವಿನ್ ಜೇಬಿನಲ್ಲಿದ್ದ ಹೊಗೆಸೊಪ್ಪಿನ ಡಬ್ಬಿಯನ್ನು ಮುಟ್ಟಿ ನೋಡಿಕೊಂಡ. ಮಾರ್ಜರಿ ಟ್ವೀಡ್‌ನ ಕಿವಿ ಸವರಿದಳು. "ನನ್ನದು ಒಂದು ದಿನದ ಕೆಲಸ ಹಾಳಾಯ್ತು. ಆ ದಿನ ನನಗೆ ಬಾಕಿ. ಅಕ್ಟೋಬರ್‌ನಲ್ಲಿ ನನ್ನ ಕುರಿ ಇಳಿಸೋವಾಗ ನೀನೂ ಟ್ವೀಡೂ ಬಂದು ಇಳಿಸಿಕೊಡಬೇಕು. ಆಗಲೂ ಹಿಂಗೇ ಕೆಮ್ಮಿದ್ರೆ ಟ್ವೀಡ್‌ನ ನನಗೆ ಕೊಟ್ಬಿಡು. ಇಂಥ ನಾಯಿ ನಿನ್ನ ಹತ್ರ ಇದ್ದು ಕೆಡಬಾರದು."

ಆ ಕಣಿವೆಗಳಲ್ಲಿ ಸಹಾಯಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ದಿನಕ್ಕೆ ದಿನ ದುಡಿದು ತೀರಿಸಬೇಕು. ತೀರಿಸದವನ ಅಂಗಳಕ್ಕೆ ಮರುವರ್ಷ ಉಣ್ಣೆ ಕತ್ತರಿಸಲು ಯಾರೂ ಬರುವುದಿಲ್ಲ. ಎಡ್ವಿನ್ ತಲೆಯಾಡಿಸಿದ. ಸಂಜೆ ಟ್ವೀಡ್‌ಗೆ ಊಟ ಹಾಕುವಾಗ ಒಂದು ಸೌಟು ಹೆಚ್ಚೇ ಹಾಕಿದ. ಕಣ್ಣು ಬಿಡದ ಮರಿಯಾಗಿದ್ದಾಗಿನಿಂದ ಸಾಕಿದ ನಾಯಿ ಅದು.

ಸಿಗರೇಟು ಬಿಡುವ ಪ್ರಯತ್ನ ಅವನು ಮಾಡಿರಲಿಲ್ಲ ಎಂದಲ್ಲ. ತೋಳಿಗೆ ಅಂಟಿಸುವ ನಿಕೋಟಿನ್ ಪಟ್ಟಿ ಬೆವರಿಗೂ ಉಣ್ಣೆಯ ಜಿಡ್ಡಿಗೂ ಜಾರಿ ಬಿದ್ದಿತ್ತು, ಒಂದು ಸಲ ಅದು ಕುರಿಯ ಬೆನ್ನಿಗೆ ಅಂಟಿಕೊಂಡು ಗುಡ್ಡಕ್ಕೆ ಹೋಗಿತ್ತು. ಹೋದ ವರ್ಷ ಯಾರೋ ಕೊಟ್ಟ ಬಳಸಿ ಬಿಸಾಡುವ ವೇಪ್ ಎಂಬ ಬ್ಯಾಟರಿ ಸಿಗರೇಟೊಂದನ್ನು ಎಳೆದು ನೋಡಿ, "ಮಿಠಾಯಿ ಕರಗಿಸಿ ಕುಡಿದ ಹಂಗಿದೆ" ಎಂದು ಉಗುಳಿದ್ದ. ಈ ಸಲ ಹೆಂಡತಿ ಹೇಜಲ್ ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹಳ್ಳಿಯ ಸಭಾಮಂದಿರಕ್ಕೆ ಹೊರಟಳು. ಅಲ್ಲಿ ಗುರುವಾರಗಳಂದು ನರ್ಸ್ ಬ್ರಿಜೆಟ್ ಸಿಗರೇಟು ಬಿಡುವವರಿಗೆ ಸಲಹೆ ಕೊಡುತ್ತಿದ್ದಳು. ಬ್ರಿಜೆಟ್ ಕೂಡ ಕುರಿ ಸಾಕುವವರ ಮನೆಯ ಮಗಳು.

ಅವಳು ಮೇಜಿನ ಮೇಲೆ ಹೆಬ್ಬೆರಳುದ್ದದ ಒಂದು ಚಪ್ಪಟೆ ಸಾಧನ ಇಟ್ಟಳು. "ಇದು ಪಾಡ್ ವೇಪ್. ಗುಂಡಿ ಗಿಂಡಿ ಏನಿಲ್ಲ, ಬಾಯಿಗಿಟ್ಟು ಎಳೆದರೆ ಆಯ್ತು. ಈ ಮೇಲಿನ ಪುಟ್ಟ ತೊಟ್ಟಿಯೇ ಪಾಡ್. ಖಾಲಿಯಾದಾಗ ನಿಕೋಟಿನ್ ಇರೋ ಲಿಕ್ವಿಡ್ ನೀವೇ ತುಂಬಿಸ್ಕೋಬಹುದು."

ಹೇಜಲ್ ಕೈಕಟ್ಟಿ ಕುಳಿತಿದ್ದಳು. "ಒಂದು ಚಟ ಬಿಡಿಸೋಕೆ ಇನ್ನೊಂದು ಚಟ. ಚೆನ್ನಾಗಿದೆ!"

"ನಿಕೋಟಿನ್ ಚಟ ಹಿಡಿಸೋದು ನಿಜ, ಸುಳ್ಳು ಹೇಳಲ್ಲ," ಎಂದಳು ಬ್ರಿಜೆಟ್. "ಆದರೆ ಇವರ ಎದೆ ಕೆಡಿಸ್ತಿರೋದು ಮುಖ್ಯವಾಗಿ ಆ ಸೊಪ್ಪು ಸುಟ್ಟ ಹೊಗೆ. ಇದರಲ್ಲಿ ಏನೂ ಉರಿಯಲ್ಲ, ಲಿಕ್ವಿಡ್ ಕಾದು ಆವಿಯಾಗುತ್ತೆ ಅಷ್ಟೆ. ಅಪಾಯ ಇಲ್ಲವೇ ಇಲ್ಲ ಅಂತಲ್ಲ. ಸಿಗರೇಟಿಗಿಂತ ಬಹಳ ಕಮ್ಮಿ. ನೀವು ಸೇದಲ್ಲ ಅಲ್ವಾ ಹೇಜಲ್? ಹಾಗಾದ್ರೆ ನೀವು ಇದನ್ನ ಮುಟ್ಟಲೂ ಬೇಡಿ."

"ನಾನ್ಯಾಕೆ ಮುಟ್ಲಿ!"

ಎಡ್ವಿನ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಒಳ್ಳೇದೋ ಕೆಟ್ಟದ್ದೋ ನಂಗೆ ಹೆಂಗೆ ಗೊತ್ತಾಗ್ಬೇಕು ಹುಡುಗಿ?"

"ನೀವು ಟಗರು ಕೊಳ್ಳೋವಾಗ ಏನು ನೋಡ್ತೀರಿ?"

"ಹಲ್ಲು, ಕಾಲು, ಬೆನ್ನು. ಸಂತೆಗೆ ತರೋವಾಗ ಎಲ್ರೂ ಬೆನ್ನಿಗೆ ಕೆಂಪು ಬಣ್ಣ ಬಳಿದಿರ್ತಾರೆ. ಅದನ್ನ ನೋಡಿ ಕೊಳ್ಳೋನು ಪೆದ್ದ."

"ಇದಕ್ಕೂ ಅಷ್ಟೇ. ಬಣ್ಣ, ಮಿಠಾಯಿ ವಾಸನೆ, ದಟ್ಟ ಮೋಡದ ಹಾಗೆ ಆವಿ, ಇವೆಲ್ಲ ಕೆಂಪು ಬಣ್ಣ. ನಿಮ್ಮ ದಪ್ಪ ಬೆರಳಿಗೆ ಮುಚ್ಚಳ ಬಿಚ್ಚೋಕಾಗುತ್ತಾ? ಬಗ್ಗಿ ಕೆಲಸ ಮಾಡೋವಾಗ ಜೇಬಲ್ಲಿ ಸೋರುತ್ತಾ? ಗುಡ್ಡ ಹತ್ತಿ ಇಳಿಯೋವರೆಗೂ ಚಾರ್ಜು ನಿಲ್ಲುತ್ತಾ? ಎಲ್ಲಕ್ಕಿಂತ ಹೆಚ್ಚಾಗಿ, ಇದನ್ನ ಎಳೆದ ಮೇಲೆ ಆ ಡಬ್ಬಿ ನೆನಪಾಗುತ್ತಾ? ನೆನಪಾದ್ರೆ ಲಿಕ್ವಿಡ್‌ನ ಶಕ್ತಿ ಸಾಲಲಿಲ್ಲ ಅಂತ ಅರ್ಥ, ಬಂದು ನನಗೆ ಹೇಳಿ. ಅರ್ಧ ಅದು ಅರ್ಧ ಇದು ಅಂತ ಎರಡನ್ನೂ ಇಟ್ಕೋಬೇಡಿ. ಎರಡು ದೋಣಿಯಲ್ಲಿ ಕಾಲಿಟ್ಟು ಎದೆ ವಾಸಿಯಾಗಲ್ಲ."

ಮೊದಲ ದಿನವೇ ಎಡ್ವಿನ್ ಎಡವಿದ. ಪಾಡ್ ತುಂಬಿಸಿದವನು ಅದೇ ಉಸಿರಿಗೆ ಎಳೆದ. ಕಾದ ಕಬ್ಬಿಣಕ್ಕೆ ಉಣ್ಣೆ ತಾಗಿದಂಥ ಸೀದ ರುಚಿ ಗಂಟಲಿಗಿಳಿಯಿತು. "ಸಾಯ್ಲಿ ಇದು!" ಎಂದು ಎಸೆಯಲು ಕೈಯೆತ್ತಿದ. ಹೇಜಲ್ ಕನ್ನಡಕ ಏರಿಸಿ ಬ್ರಿಜೆಟ್ ಕೊಟ್ಟ ಚೀಟಿ ಓದಿದಳು. "ತುಂಬಿಸಿದ ಮೇಲೆ ಹತ್ತು ನಿಮಿಷ ಕಾಯಬೇಕಂತೆ ಮಹರಾಯ. ಒಳಗಿರೋ ಹತ್ತಿ ನೆನೀಬೇಕಂತೆ. ಒಲೆ ಮೇಲಿಟ್ಟ ಮಾಂಸಕ್ಕೆ ಮೂರು ಗಂಟೆ ಕಾಯ್ತೀಯ, ಇದಕ್ಕೆ ಹತ್ತು ನಿಮಿಷ ಆಗಲ್ವಾ?" ಹೊಸ ಪಾಡ್ ಹಾಕಿ, ತುಂಬಿಸಿ, ಈ ಸಲ ಕಾದರು. ಸೀದ ರುಚಿ ಬರಲಿಲ್ಲ.

ಇನ್ನೊಂದು ತೊಡಕಿತ್ತು. ಸಿಗರೇಟು ಸುತ್ತಿ, ಹಚ್ಚಿ, ಗೋಡೆಗೆ ಒರಗಿದರೆ ಅದು ಮುಗಿಯುವವರೆಗೆ ಐದು ನಿಮಿಷ ವಿಶ್ರಾಂತಿ. ಈ ಸಾಧನಕ್ಕೆ ಮುಗಿಯುವುದೆಂಬುದೇ ಇಲ್ಲ. ದಿನವಿಡೀ ಬಾಯಲ್ಲೇ ಇಟ್ಟುಕೊಂಡು ಸಂಜೆಗೆ ತಲೆ ಸುತ್ತಿಸಿಕೊಂಡ. ಮುಂದಿನ ಗುರುವಾರ ಬ್ರಿಜೆಟ್ ನಕ್ಕಳು. "ಗೋಡೆಗೆ ಒರಗೋದನ್ನ ಯಾಕೆ ಬಿಟ್ಟಿರಿ? ಹಳೇ ಹಾಗೆಯೇ ನಿಲ್ಲಿ, ನಾಲ್ಕೈದು ಸಲ ಎಳೀರಿ, ಜೇಬಿಗಿಡಿ, ಕೆಲಸಕ್ಕೆ ಹೋಗಿ." ಅದು ಸರಿಹೊಂದಿತು. ಜುಲೈ ಕಳೆಯುವಷ್ಟರಲ್ಲಿ ಡಬ್ಬಿ ಜೇಬಿನಿಂದ ಜೀಪಿನ ಸೀಟಿನ ಕೆಳಗೆ ಹೋಗಿತ್ತು.

ಆಗಸ್ಟ್ ಕೊನೆಯಲ್ಲಿ ಮರಿಗಳನ್ನು ತಾಯಂದಿರಿಂದ ಬೇರೆ ಮಾಡುವ ದಿನ ಬಂತು. ಎದೆಯೆತ್ತರ ಬೆಳೆದ ಜರೀಗಿಡಗಳ ನಡುವೆ ಏನಾದರೂ ಬಿದ್ದರೆ ಸಿಗುವುದಿಲ್ಲವೆಂದು ಎಡ್ವಿನ್ ಒಂದು ಉಪಾಯ ಮಾಡಿದ್ದ. ಹುಲ್ಲಿನ ಪಿಂಡಿ ಕಟ್ಟುವ ದಾರದಲ್ಲಿ ಸೀಟಿಯನ್ನೂ ವೇಪನ್ನೂ ಒಟ್ಟಿಗೆ ಕೊರಳಿಗೆ ನೇತುಹಾಕಿಕೊಂಡಿದ್ದ. ಎರಡೂ ಚಪ್ಪಟೆ, ಎರಡೂ ಬಾಯಿಗೆ ಇಡುವಂಥವು. ಕುರಿಗಳು ದೊಡ್ಡಿಯ ಬಾಯಿಗೆ ಬಂದು ತಿರುಗಿ ನಿಂತವು. ಎಡ್ವಿನ್ ಕಣ್ಣು ಕೀಳದೆ ಕೊರಳಿಗೆ ಕೈಹಾಕಿ, ಸಿಕ್ಕಿದ್ದನ್ನು ಬಾಯಿಗಿಟ್ಟು, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಊದಿದ.

ಸಿಳ್ಳೆ ಬರಲಿಲ್ಲ. ಗುಳುಗುಳು ಎಂದು ಪುದೀನ ವಾಸನೆಯ ಲಿಕ್ವಿಡ್ ಅಡಿಯಿಂದ ಹೊರಟು ಗಡ್ಡಕ್ಕೂ ಕೈಗೂ ಸುರಿಯಿತು. ಗಾಬರಿಯಲ್ಲಿ ಸೀಟಿಯನ್ನು ಬಾಯಿಗಿಟ್ಟು ಒಳಕ್ಕೆ ಎಳೆದ. ಗೂರಲು ಹಿಡಿದ ಮುದುಕನ ಉಸಿರಿನಂಥ ಸದ್ದಾಯಿತು. ಟ್ವೀಡ್ ಕುರಿಗಳನ್ನು ಬಿಟ್ಟು ಓಡಿ ಬಂದು, ಒಡೆಯ ಬದುಕಿದ್ದಾನೆಯೇ ಎಂದು ಮುಖ ನೋಡಿತು.

ಅಷ್ಟರಲ್ಲಿ ಹೇಜಲ್ ಗಂಡನ ತೋಳು ಹಿಡಿದು ಹಳ್ಳದ ಕಡೆ ಎಳೆದಿದ್ದಳು. "ಮೊದಲು ತೊಳ್ಕೋ! ಲಿಕ್ವಿಡ್ ಮೈಮೇಲೆ ಬಿಡಬಾರದು ಅಂದಿದ್ಲು ಬ್ರಿಜೆಟ್. ನಾಯಿ ನೆಕ್ಕೀತು, ಅದಕ್ಕೆ ವಿಷ ಅದು! ಟ್ವೀಡ್, ಆಚೆ ಹೋಗು!" ತೊಳೆಯುತ್ತ ತೊಳೆಯುತ್ತ ಅವಳಿಗೇ ನಗು ಬಂತು. ನಗುತ್ತ ನಗುತ್ತ ಹಳ್ಳದ ಕಲ್ಲಿನ ಮೇಲೆ ಕುಳಿತುಬಿಟ್ಟಳು.

ಸುದ್ದಿ ನೆತ್ತಿ ದಾಟಿ ಮಾರ್ಜರಿಗೂ ತಲುಪಿತು. ಫೋನ್ ಮಾಡಿದಳು. "ಟ್ವೀಡ್‌ಗೆ ನಮ್ಮನೆಯಲ್ಲಿ ಹಾಸಿಗೆ ಹಾಸಿಟ್ಟಿದ್ದೀನಿ ಕಣೋ. ಹೊಸ ಕಂಬಳಿ."

ಅಂದಿನಿಂದ ಸೀಟಿ ಕೊರಳಲ್ಲಿ, ವೇಪ್ ಎದೆಯ ಜೇಬಿನಲ್ಲಿ ನೆಟ್ಟಗೆ.

ಸೆಪ್ಟೆಂಬರಿನಲ್ಲಿ ಒಂದು ಏಟು ಬಿತ್ತು. ಗುಡ್ಡದ ಮೇಲೆ ಬಿದ್ದುಹೋದ ಗೋಡೆ ಕಟ್ಟುತ್ತಿದ್ದಾಗ ವೇಪಿನ ಚಾರ್ಜು ಮುಗಿಯಿತು. ಮಧ್ಯಾಹ್ನದವರೆಗೆ ಕಲ್ಲು ಜೋಡಿಸುತ್ತ ತಡೆದ. ಆಮೇಲೆ ಜೀಪಿಗೆ ಇಳಿದು ಸೀಟಿನ ಕೆಳಗೆ ಕೈಹಾಕಿದ. ಒಂದು ಸುತ್ತಿದ. ಸೇದಿದ. ರುಚಿ ಹಿಡಿಸಲಿಲ್ಲ, ಆದರೂ ಕೊನೆಯವರೆಗೆ ಸೇದಿದ. ಮನೆಗೆ ಬಂದು ಅಪರಾಧಿಯಂತೆ ಕುಳಿತವನನ್ನು ಹೇಜಲ್ ಮೂಸಿ ನೋಡಿದಳು. ಬೈಯಬೇಕೆಂದು ಬಾಯಿ ತೆರೆದವಳು ಬೈಯಲಿಲ್ಲ.

"ರಾತ್ರಿ ನೀನು ಕೆಮ್ಮಿ ಎಷ್ಟು ದಿನ ಆಯ್ತು ಗೊತ್ತಾ ನಿಂಗೆ?" ಎಂದು ಕೇಳಿದಳು.

"ಗೊತ್ತಿಲ್ಲ."

"ನಂಗೊತ್ತು. ಪಕ್ಕದಲ್ಲಿ ಮಲಗೋಳು ನಾನು. ಹತ್ತೊಂಬತ್ತು ದಿನ. ಮೊದಲು ನಾನೂ ನಂಬಿರ್ಲಿಲ್ಲ ಎಡ್ವಿನ್. ಈಗ ನಂಬ್ತೀನಿ. ನಾಳೆ ಇಪ್ಪತ್ತಾಗ್ಲಿ." ಎದ್ದುಹೋಗಿ, ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲೆ, ಕಣ್ಣಿಗೆ ಕಾಣುವ ಕಡೆ, ವೇಪನ್ನು ಅದರದೇ ಚಾರ್ಜರಿಗೆ ಸಿಕ್ಕಿಸಿದಳು. ಅಂದಿನಿಂದ ಸಂಜೆ ಊಟಕ್ಕೆ ತಟ್ಟೆ ಇಡುವಾಗ ಅದನ್ನು ಚಾರ್ಜಿಗೆ ಹಾಕುವುದು, ಪಾತ್ರೆ ತೊಳೆದು ಮುಗಿಸುವಾಗ ತೆಗೆಯುವುದು ಅವರ ಮನೆಯ ರೂಢಿಯಾಯಿತು. ಡಬ್ಬಿಯಲ್ಲಿ ಉಳಿದಿದ್ದ ಸೊಪ್ಪು ಒಲೆಗೆ ಹೋಯಿತು.

ಅಕ್ಟೋಬರ್ ಹದಿನಾಲ್ಕು. ಮಾರ್ಜರಿಯ ಗುಡ್ಡ. ಜರೀಗಿಡಗಳೆಲ್ಲ ಕೆಂಪಾಗಿ ಒರಗಿದ್ದವು. ಮಂಜು ಏಳುತ್ತಿದ್ದಂತೆ ಟ್ವೀಡ್ ಮೇಲೇರಿ, ದೊಡ್ಡ ಸುತ್ತು ಹಾಕಿ, ಮುನ್ನೂರು ಕುರಿಗಳನ್ನು ಒಟ್ಟುಗೂಡಿಸಿ ತಂದಿತು. ಇನ್ನು ಉಳಿದಿದ್ದು ಕಡಿದಾದ ಬಂಡೆಯ ಅಂಚು. ಅಲ್ಲಿ ನಾಯಿ ಒಂದು ಹೆಜ್ಜೆ ಹೆಚ್ಚು ನುಗ್ಗಿದರೂ ಕುರಿಗಳು ಉರುಳುಗಲ್ಲಿನ ಇಳಿಜಾರಿಗೆ ಹಾರುತ್ತವೆ, ಕಾಲು ಮುರಿದುಕೊಳ್ಳುತ್ತವೆ. ಗೋಡೆಯ ಬಳಿ ನಿಂತಿದ್ದ ಮಾರ್ಜರಿ ಅಂದು ಮೊದಲ ಬಾರಿಗೆ ಮಾತು ನಿಲ್ಲಿಸಿದ್ದಳು. ಹೇಜಲ್ ಫ್ಲಾಸ್ಕ್ ಅಪ್ಪಿಕೊಂಡು ನಿಂತಿದ್ದಳು.

ಎಡ್ವಿನ್ ಸೀಟಿ ಬಾಯಿಗಿಟ್ಟ. ಉಸಿರೆಳೆದ. ಅದು ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಯಿತು. ಇಷ್ಟು ಜಾಗ ಎದೆಯಲ್ಲಿತ್ತೇ ಎಂದು ಅವನಿಗೇ ಬೆರಗಾಯಿತು. ಊದಿದ.

ಸಿಳ್ಳೆ ಎಳೆದ ತಂತಿಯ ಹಾಗೆ ಕಣಿವೆಯ ಉದ್ದಕ್ಕೂ ಹೋಯಿತು. ಎದುರು ಗುಡ್ಡಕ್ಕೆ ತಾಗಿ ಮರಳಿ ಬಂತು. ಅಂಚಿನಲ್ಲಿದ್ದ ಕಪ್ಪು ಬಿಳಿ ಚುಕ್ಕೆ ನೆಲಕ್ಕೆ ಅಂಟಿಕೊಂಡು ಮಲಗಿತು. ಕುರಿಗಳು ನಿಂತವು, ಯೋಚಿಸಿದವು, ತಲೆ ತಗ್ಗಿಸಿ ಸಾಲಾಗಿ ದಾರಿಗಿಳಿದವು. ಸಿಳ್ಳೆ ಇನ್ನೂ ಕೇಳುತ್ತಲೇ ಇತ್ತು.

"ಸಾಕು ನಿಲ್ಸೋ ಮಾರಾಯ!" ಮಾರ್ಜರಿ ಕೂಗಿದಳು. "ನಾಯಿ ಮಲಗಿ ಎಷ್ಟೊತ್ತಾಯ್ತು, ನೀನಿನ್ನೂ ಊದ್ತಾನೇ ಇದ್ದೀಯ!"

ಎಡ್ವಿನ್ ಸೀಟಿ ತೆಗೆದ. ಕೆಮ್ಮಲಿಲ್ಲ. ನಕ್ಕ. ಹೇಜಲ್‌ಳ ಫ್ಲಾಸ್ಕಿನ ಮುಚ್ಚಳ ಆಗಲೇ ಬಿಚ್ಚಿತ್ತು.

ದೊಡ್ಡಿಯ ಗೇಟು ಹಾಕಿದ ಮೇಲೆ ಮೂವರೂ ಗೋಡೆಯ ಮೇಲೆ ಕುಳಿತು ಟೀ ಕುಡಿದರು, ಶುಂಠಿ ಬಿಸ್ಕತ್ತು ತಿಂದರು. ಮಾರ್ಜರಿ ತನ್ನ ಬಿಸ್ಕತ್ತನ್ನು ಮುರಿದು ಅರ್ಧ ಟ್ವೀಡ್‌ಗೆ ಕೊಟ್ಟಳು.

"ನಿನ್ನ ದಿನದ ಬಾಕಿ ತೀರ್ತು," ಎಂದಳು. "ಆ ಕಂಬಳಿನೂ ತಗೊಂಡು ಹೋಗು. ಟ್ವೀಡ್‌ಗೇ ಅಂತ ಕೊಂಡಿದ್ದು."

ಸಿಗರೇಟು ಸೇದುವ ಅಣ್ಣಂದಿರೇ, ಅಕ್ಕಂದಿರೇ, ಬಿಡಬೇಕೆಂದಿದ್ದರೆ ಒಬ್ಬರೇ ಒದ್ದಾಡಬೇಡಿ. ನಿಮ್ಮೂರಿನ ನರ್ಸನ್ನೋ ವೈದ್ಯರನ್ನೋ ಕೇಳಿ. ವೇಪ್ ಆರಿಸುವಿರಾದರೆ ಎಡ್ವಿನ್ ಟಗರು ನೋಡುವಂತೆ ನೋಡಿ: ಬಣ್ಣಕ್ಕೆ ಮರುಳಾಗಬೇಡಿ, ನಿಮ್ಮ ಕೈಗೆ, ನಿಮ್ಮ ಕೆಲಸದ ದಿನಕ್ಕೆ ಹೊಂದುತ್ತದೆಯೇ, ಸಿಗರೇಟನ್ನು ಪೂರ್ತಿ ಮರೆಸುತ್ತದೆಯೇ ಎಂದು ನೋಡಿ. ನಂಬಿಕೆಯ ಅಂಗಡಿಯಲ್ಲೇ ಕೊಳ್ಳಿ. ನೀವಿರುವ ಕಡೆ ಕಾನೂನು ಅದನ್ನು ಒಪ್ಪದಿದ್ದರೆ ಕದ್ದುಮುಚ್ಚಿ ತರಿಸಬೇಡಿ, ಪಟ್ಟಿ ಇದೆ, ಅಗಿಯುವ ನಿಕೋಟಿನ್ ಗಮ್ ಇದೆ, ಎಲ್ಲರೂ ಎಡ್ವಿನ್ನನ ಹಾಗೆ ಪಟ್ಟಿಯನ್ನು ಕುರಿಗೆ ಅಂಟಿಸುವುದಿಲ್ಲ. ಲಿಕ್ವಿಡ್ ಬಾಟಲಿ ಮಕ್ಕಳಿಗೂ ನಾಯಿಬೆಕ್ಕಿಗೂ ಎಟುಕದಿರಲಿ. ಹಳೆಯ ಬ್ಯಾಟರಿ ಕಸದ ಬುಟ್ಟಿಗೆ ಬೇಡ, ಅಂಗಡಿಗೆ ಮರಳಿಸಿ. ಒಂದು ಸಲ ಜಾರಿದರೆ ಎದ್ದು ಮತ್ತೆ ಹತ್ತಿ. ಎದೆ ಹಗುರಾದ ಮೇಲೆ ವೇಪನ್ನೂ ನಿಧಾನವಾಗಿ ಇಳಿಸಿ ಬಿಡಿ. ಬ್ರಿಜೆಟ್ ಎಡ್ವಿನ್‌ಗೆ ಈ ಚಳಿಗಾಲಕ್ಕೆ ಆಗಲೇ ಕಡಿಮೆ ಶಕ್ತಿಯ ಬಾಟಲಿ ಕೊಟ್ಟಿದ್ದಾಳೆ. ಎಂದೂ ಸೇದದವರು, ಹದಿನೆಂಟು ತುಂಬದವರು ಇದರ ತಂಟೆಗೇ ಹೋಗಬೇಡಿ.

ಇಂದು ಸಂಜೆ ಮನೆಯ ಹೊರಗೆ ನಿಂತು ಒಂದು ಉದ್ದ ಉಸಿರು ಎಳೆದು ನೋಡಿ. ಎಲ್ಲಿ ಮುರಿಯಿತು ಎಂದು ಗಮನಿಸಿ. ನಾಳೆಯೇ ಹೋಗಿ ನರ್ಸನ್ನೋ ವೈದ್ಯರನ್ನೋ ಕೇಳಿ.