ಚುರುಕು ಕೈಯವಳು

"ಲೇ ಬೋಳಿಮಗನೆ, ಹೆಂಡ್ತಿ ಓಡ್ತಿದಾಳೆ, ನೀನು ತೆವಳ್ತಿದೀಯ. ಬಳೆ ತೊಟ್ಕೊಂಡು ಮನೇಲಿ ಬಿದ್ದಿರು ಹೋಗು."

ಮೇಸ್ತ್ರಿ ಬೈದದ್ದು ಇಡೀ ಸಾಲಿಗೆ ಕೇಳಿಸಿತು. ಚಮ್ಮಾರ ತಲೆ ಎತ್ತದೆ ಬೂಟಿನ ಹಿಮ್ಮಡಿಗೆ ಅಂಟು ಬಳಿದ. ತೊಗಲು ಕತ್ತರಿಸುವುದರಿಂದ ಹಿಡಿದು ಹೊಳಪು ಕೊಡುವ ತನಕ ಇಡೀ ಬೂಟನ್ನು ಒಬ್ಬನೇ ಮಾಡುತ್ತಿದ್ದವನು ಅವನು. ಅಂಗಡಿಯಲ್ಲಿ ಹೆಂಡತಿ ದಾರಕ್ಕೆ ಮೇಣ ತಿಕ್ಕಿ ಕೊಡುತ್ತಿದ್ದಳು, ಅಷ್ಟೆ. ಫ್ಯಾಕ್ಟರಿ ಬೂಟು ಅಗ್ಗಕ್ಕೆ ಬಂದದ್ದೇ ಗಿರಾಕಿಗಳು ಅತ್ತ ಹೊರಳಿದರು. ಕಡೆಗೆ ಗಂಡ ಹೆಂಡತಿ ಇಬ್ಬರೂ ಅದೇ ಫ್ಯಾಕ್ಟರಿಯ ಬಾಗಿಲು ಬಡಿದರು. ಈಗ ಅವನ ಪಾಲಿಗೆ ಹಿಮ್ಮಡಿ ಮಾತ್ರ. ಅವನು ಅಂಟು ಬಳಿದ ಬೂಟು ಓಡುವ ಬೆಲ್ಟಿನ ಮೇಲೆ ಪಕ್ಕದ ಬೆಂಚಿಗೆ ಸಾಗುತ್ತದೆ, ಅಲ್ಲಿ ಅವಳು ಅದರ ಅಡಿಗೆ ಅಟ್ಟೆ ಒತ್ತುತ್ತಾಳೆ.

ಬೇರೆಯವರ ಮೇಲಾದರೆ ಹೊಟ್ಟೆಕಿಚ್ಚನ್ನು ಯಾರಲ್ಲಾದರೂ ಹೇಳಿಕೊಳ್ಳಬಹುದಿತ್ತು. ಕಟ್ಟಿಕೊಂಡವಳ ಮೇಲೆ! ಮನೆಯಲ್ಲಿ ಅವಳು ಭುಜ ನೋಯುತ್ತದೆಂದರೆ, "ಮೇಸ್ತ್ರಿ ಹತ್ರಾನೇ ತಿಕ್ಕಿಸ್ಕೋ" ಎಂದ. ಅವಳು ಗೋಡೆಯತ್ತ ಹೊರಳಿದಳು. ಮರುದಿನ ಅವಳ ಬೆರಳಿಗೆ ಮೆತ್ತಿಕೊಳ್ಳಲೆಂದೇ ಅಂಟು ಹೆಚ್ಚಿಗೆ ಸುರಿದ. ಅವಳಿಗೆ ಗೊತ್ತಾಯಿತು. ಕೈ ಒರೆಸಿಕೊಂಡು ಮತ್ತೆ ಒತ್ತಿದಳು.

ಮೇಸ್ತ್ರಿ ಅವಳ ಕೈಗೆ ತಕ್ಕಂತೆ ಬೆಲ್ಟಿನ ವೇಗ ಏರಿಸಿದ. ಉಳಿದ ಹೆಂಗಸರು ಅವಳೊಂದಿಗೆ ಮಾತು ಬಿಟ್ಟರು. ಒಬ್ಬಳು ಅವಳ ಕಾಲ ಬಳಿ ಉಗಿದಳು. ಚಮ್ಮಾರನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

ಅವಳ ಆಚೆ ಬದಿಗೆ ಮೊಳೆ ಯಂತ್ರದಲ್ಲಿದ್ದ ಮುದುಕಿಗೆ ಆ ವೇಗ ಹಿಡಿಯಲಾಗಲಿಲ್ಲ. ಒಂದು ಮಧ್ಯಾಹ್ನ ಮೊಳೆ ಅಂಗೈಗೇ ಇಳಿಯಿತು. ಮುದುಕಿಯನ್ನು ಹೊರಗೆ ಎತ್ತಿಕೊಂಡು ಹೋದರು. ಬೆಲ್ಟು ನಿಲ್ಲಲಿಲ್ಲ.

"ಮುದುಕಿ ಕೆಲ್ಸಾನೂ ನೀನೇ ಎಳ್ಕೊಂಡು ಹೋಗು. ನೀನು ಚುರುಕು," ಎಂದ ಮೇಸ್ತ್ರಿ ಚಮ್ಮಾರನ ಹೆಂಡತಿಗೆ.

ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. "ನನ್ ಕೈ ನೋಡ್ಕೊಂಡು ತಾನೇ ಇದನ್ನ ಓಡಿಸಿದ್ದು? ಈಗ ಕೈ ನಿಂತಿದೆ. ಬೆಲ್ಟೂ ನಿಲ್ಸಿ."

ಬೂಟುಗಳು ಒತ್ತರಿಸಿ ನೆಲಕ್ಕೆ ಬೀಳತೊಡಗಿದವು. ಉಗಿದಿದ್ದವಳು ಮೊದಲು ಕೆಲಸದಿಂದ ಕೈ ತೆಗೆದಳು, ಆಮೇಲೆ ಅವಳ ಆಚೆಯವಳು. ಮೇಸ್ತ್ರಿ ಹಾದರಗಿತ್ತಿಯರೆಂದು ಎಲ್ಲರನ್ನೂ ಬೈದು, ಚಮ್ಮಾರನಿಗೆ ಹೆಂಡತಿಯ ಜಾಗಕ್ಕೆ ಹೋಗಿ ಒತ್ತುವಂತೆ ಹೇಳಿದ. ಇನ್ನು ಮುಂದೆ ಆ ಜಾಗ ಅವನದೇ ಅಂತೆ.

ಚಮ್ಮಾರ ಎದ್ದ. ಎಲ್ಲರೂ ನೋಡುತ್ತಿದ್ದರು. ಹೋಗಿ ಅವಳ ಬೆಂಚಿನ ತುದಿಯಲ್ಲಿ ಕುಳಿತು, ಅಟ್ಟೆ ಮುಟ್ಟದೆ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡ. ಹೀಗೆ ಕೈ ನಿಲ್ಲಿಸುವುದು ತನಗೇ ಮೊದಲು ಹೊಳೆಯಬಾರದಿತ್ತೇ ಎಂದು ಹೊಟ್ಟೆ ಉರಿಯುತ್ತಲೇ ಇತ್ತು.

ಅವಳು ಒಂದಿಷ್ಟು ಸರಿದು ಜಾಗ ಕೊಟ್ಟಳು. ಅದಕ್ಕೂ ಉರಿಯಿತು.