ಏರುದಾರಿಯಲ್ಲಿ ನಿಂತುಹೋಗುವ ಬಸ್ಸು

ಮಾವ ಮೂವತ್ನಾಲ್ಕು ವರ್ಷ ಬಸ್ಸು ಓಡಿಸಿದವರು. ಮಂಡಿಯ ಆಪರೇಷನ್ ಆದಮೇಲೆ ಕ್ಲಚ್ ತುಳಿಯಲು ಕಾಲು ಒಪ್ಪಲಿಲ್ಲ. ನಿವೃತ್ತಿಗೆ ಇನ್ನೂ ಎರಡು ವರ್ಷ ಇರುವಾಗಲೇ ಮನೆ ಸೇರಿದರು. ಮೊದಲ ಮೂರು ತಿಂಗಳು ಕಿಟಕಿ ಪಕ್ಕ ಕೂತು, ಬೀದಿಯಲ್ಲಿ ಹೋಗಿಬರುವ ಡ್ರೈವರುಗಳಿಗೆಲ್ಲ ಬೈದರು. "ನೋಡೇ, ಇಂಡಿಕೇಟರ್ ಹಾಕದೆ ತಿರುಗಿಸ್ತಾನೆ!" ಅತ್ತೆಗೆ ತಲೆ ಚಿಟ್ಟು ಹಿಡಿದುಹೋಯಿತು. ಕೊನೆಗೆ ಮಗ, ಮುಚ್ಚಿಹೋಗುತ್ತಿದ್ದ ಒಂದು ಗೇಮ್ ಪಾರ್ಲರಿನಿಂದ ಹಳೆಯ ಕಂಪ್ಯೂಟರನ್ನೂ ಅದರ ಜೊತೆ ಒಂದು ಪ್ಲಾಸ್ಟಿಕ್ ಸ್ಟೀರಿಂಗನ್ನೂ ತಂದು ಮುಂದಿನ ಕೋಣೆಯ ಮೇಜಿನ ಮೇಲಿಟ್ಟ. ಅದರಲ್ಲಿ ಬಸ್ಸು ಓಡಿಸುವ ಆಟವೊಂದಿತ್ತು. ಕ್ಲಚ್ಚಿಲ್ಲದ ಬಸ್ಸು.

"ಇದೇನು ಮಕ್ಕಳಾಟ" ಎಂದು ಮೂಗು ಮುರಿದ ಮಾವ ಒಂದೇ ವಾರದಲ್ಲಿ ಅದಕ್ಕೆ ಅಂಟಿಕೊಂಡರು.

ಆಮೇಲೆ ಕಂಡಕ್ಟರೂ ಬಂದು ಸೇರಿಕೊಂಡರು. ಹದಿನೆಂಟು ವರ್ಷ ಮಾವನ ಬಸ್ಸಿನಲ್ಲೇ ಟಿಕೆಟ್ ಹರಿದವರು. ಎಂಟು ತಿಂಗಳ ಹಿಂದೆ ಅವರಿಗೆ ಸ್ಟ್ರೋಕ್ ಹೊಡೆದು ಬಲಗೈ ಸೋತಿತ್ತು, ಮಾತು ನಿಂತಿತ್ತು. ಎದುರಿನವರು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ತಿರುಗಿ ಹೇಳೋಣವೆಂದರೆ ಪದ ಬಾಯಿಗೆ ಬರುತ್ತಿರಲಿಲ್ಲ. ಮಾತಿನ ತರಬೇತಿ ಕೊಡುವ ಡಾಕ್ಟರು, "ಬಾಯಿಗೆ ರೂಢಿಯಾಗಿದ್ದ ಪದಗಳಿಂದ ಶುರುಮಾಡಿ" ಎಂದಿದ್ದರಂತೆ. ಪ್ರತಿ ಶನಿವಾರ ಮಧ್ಯಾಹ್ನ ಹೆಂಡತಿ ಅವರ ಕೈಹಿಡಿದು ಕರೆತಂದು, ಮಾವನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ ಹೋಗುತ್ತಿದ್ದರು. ಪರದೆಯ ಮೇಲಿನ ಊರು ಯಾವುದೋ, ಸ್ಟಾಪುಗಳು ಯಾವುವೋ. ಇಬ್ಬರೂ ಅವಕ್ಕೆ ತಮ್ಮ ಹಳೇ ರೂಟಿನ ಹೆಸರನ್ನೇ ಇಟ್ಟುಕೊಂಡಿದ್ದರು. ಬಸ್ಸು ನಿಧಾನವಾದೊಡನೆ ಕಂಡಕ್ಟರು ಕಣ್ಣು ಅಗಲಿಸಿ, ಗಂಟಲು ಬಿಗಿಹಿಡಿದು, "ಪೋ... ಪೋಸ್ಟಾಫೀಸ್" ಎನ್ನುತ್ತಿದ್ದರು. ಆಮೇಲೆ "ಆಸ್ಪತ್ರೆ". "ಮಾರ್ಕೆಟ್". ಹೀಗೆ ಏಳು ಸ್ಟಾಪು ಬಾಯಿಗೆ ಬಂದಿದ್ದವು.

ಸೊಸೆ ಇದನ್ನೆಲ್ಲ ಬಾಗಿಲಿನಿಂದಲೇ ನೋಡುತ್ತಿದ್ದಳು. ಆ ಮನೆಗೆ ಬಂದು ಎರಡು ವರ್ಷವಾಗಿತ್ತು. ಅವಳದು ಫ್ರಿಜ್ಜು, ಎಸಿ ರಿಪೇರಿ ಕೆಲಸ. ಬೆಳಿಗ್ಗೆ ಟೂಲ್ ಬ್ಯಾಗನ್ನು ಸ್ಕೂಟರಿನ ಮುಂದಿಟ್ಟುಕೊಂಡು ಹೋದರೆ ಬರುವುದು ಸಂಜೆಗೆ. ಮಾವ ಒಳ್ಳೆಯವರೇ. ಆದರೆ ಅವಳ ಕೆಲಸ ಹೇಗೆ ಎಂದು ಒಂದು ದಿನವೂ ಕೇಳಿದವರಲ್ಲ. "ಊಟ ಆಯ್ತೇನಮ್ಮ?" "ಆಯ್ತು ಮಾವ." ಅವರಿಬ್ಬರ ಮಾತುಕತೆ ಅಷ್ಟಕ್ಕೇ ಮುಗಿಯುತ್ತಿತ್ತು.

ಮನೆಗೆ ಬಣ್ಣ ಹೊಡೆಸಿದ ವಾರ ಕಂಪ್ಯೂಟರು ಕೆಟ್ಟಿತು. ಕೆಟ್ಟಿತು ಎಂದರೆ ಪೂರ್ತಿ ಕೆಟ್ಟಿರಲಿಲ್ಲ, ಬಸ್ಸು ಕುಪ್ಪಳಿಸತೊಡಗಿತು. ಸ್ಟೀರಿಂಗ್ ತಿರುಗಿಸಿ ಎಷ್ಟೋ ಹೊತ್ತಿನ ಮೇಲೆ ಬಸ್ಸು ತಿರುಗುತ್ತಿತ್ತು, ಅಷ್ಟರಲ್ಲಿ ಫುಟ್‌ಪಾತ್ ಹತ್ತಿ ಆಗಿರುತ್ತಿತ್ತು. ಕಂಪ್ಯೂಟರ್ ಅಂಗಡಿಯವನು ಬಂದು ಎರಡು ನಿಮಿಷ ನೋಡಿ, "ಇದರ ಗ್ರಾಫಿಕ್ಸ್ ಕಾರ್ಡ್‌ಗೆ ವಯಸ್ಸಾಯ್ತು ಅಂಕಲ್, ಹೊಸ ಕಂಪ್ಯೂಟರೇ ತಗೊಳ್ಳಿ" ಎಂದು ಎದ್ದುಹೋದ.

"ವಯಸ್ಸಾಯ್ತು ಅಂದ್ರೆ ಮುಗೀತು" ಎಂದರು ಮಾವ. ಆ ಶನಿವಾರ ಕಂಡಕ್ಟರು ಒಂದು ಗಂಟೆ ಸುಮ್ಮನೆ ಕೂತು ಹೋದರು. ಒಂದೇ ಒಂದು ಸ್ಟಾಪೂ ಬಾಯಿಂದ ಹೊರಡಲಿಲ್ಲ.

ಮರುದಿನ ಭಾನುವಾರ. ಸೊಸೆ ಟೂಲ್ ಬ್ಯಾಗ್ ತಂದು ಮೇಜಿನ ಪಕ್ಕ ಇಟ್ಟಳು.

"ನಾನೊಮ್ಮೆ ನೋಡ್ಲಾ ಮಾವ?"

"ಇದು ಫ್ರಿಜ್ ಅಲ್ಲಮ್ಮ."

"ಫ್ರಿಜ್ ಅಲ್ಲ, ನಿಜ. ಆದ್ರೆ ಕರೆಂಟು, ಬಿಸಿ, ಗಾಳಿ ಇದರಲ್ಲೂ ಇದಾವಲ್ಲ?"

ಅತ್ತೆ ಒಳಗಿನಿಂದಲೇ ಕೂಗಿದರು: "ನೋಡ್ಲಿ ಬಿಡ್ರಿ! ಇಲ್ದಿದ್ರೆ ನೀವು ಮತ್ತೆ ಕಿಟಕಿ ಪಕ್ಕ ಕೂತು ಬೀದಿಯವರಿಗೆಲ್ಲ ಬೈತೀರಿ."

ಆಟದ ಚಿತ್ರದ ಗುಣಮಟ್ಟವನ್ನು ಪೂರ್ತಿ ಇಳಿಸಿ ನೋಡಿದಳು. ಕುಪ್ಪಳಿಕೆ ಹಾಗೇ ಇತ್ತು. ಇದು ವಿಚಿತ್ರವೆನಿಸಿತು. ಭಾರ ಇಳಿಸಿದರೂ ಏದುಸಿರು ನಿಲ್ಲದಿದ್ದರೆ, ಭಾರ ಹೊರಬೇಕಾದವನು ಹೊರುತ್ತಲೇ ಇಲ್ಲ ಎಂದರ್ಥ. ಫೋನಿನಲ್ಲಿ ಹುಡುಕಿ ಓದಿದಳು. ಆಮೇಲೆ ಮೊಣಕಾಲೂರಿ ಕಂಪ್ಯೂಟರಿನ ಡಬ್ಬದ ಹಿಂಭಾಗಕ್ಕೆ ಟಾರ್ಚ್ ಬಿಟ್ಟಳು. ಪರದೆಯ ತಂತಿ ಸಿಕ್ಕಿಸಲು ಅಲ್ಲಿ ಎರಡು ಜಾಗ ಇದ್ದವು. ಮೇಲಿನದು ಕಂಪ್ಯೂಟರಿನ ಸಾಮಾನ್ಯ ಜಾಗ, ಕೆಳಗಿನದು ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿನದು. ತಂತಿ ಮೇಲೆ ಸಿಕ್ಕಿಕೊಂಡಿತ್ತು.

"ಮಾವ, ಬಣ್ಣ ಹೊಡೆಯುವಾಗ ಇದನ್ನ ಬಿಚ್ಚಿ ಮತ್ತೆ ಹಾಕಿದ್ದು ಯಾರು?"

ಮಾವ ಕೆಮ್ಮಿದರು. "ನಾನೇ. ಎರಡೂ ಒಂದೇ ಥರ ಇದ್ವು, ಬಗ್ಗಕ್ಕೆ ಆಗಲಿಲ್ಲ, ಮೇಲಿನದಕ್ಕೆ ಚುಚ್ಚಿದೆ."

"ಯಾರಾದ್ರೂ ಹಾಗೇ ಮಾಡ್ತಿದ್ರು ಬಿಡಿ. ಇಷ್ಟು ದಿನ ದೊಡ್ಡ ಎಂಜಿನ್ ಸುಮ್ನೆ ಕೂತಿತ್ತು, ಚಿಕ್ಕದು ಬಸ್ಸು ಎಳೀತಿತ್ತು."

ತಂತಿ ಬದಲಾಯಿಸಿದಳು. ಬಸ್ಸು ಬೆಣ್ಣೆಯಂತೆ ಜಾರಿತು. ಎಲೆಗಳ ನೆರಳು, ಒದ್ದೆ ರಸ್ತೆಯಲ್ಲಿ ದೀಪದ ಹೊಳಪು ಎಲ್ಲ ಮರಳಿ ಬಂದವು. ಮಾವ ನಕ್ಕರು. ಹದಿನೈದು ನಿಮಿಷ. ಆಸ್ಪತ್ರೆ, ಮಾರ್ಕೆಟ್ ದಾಟಿ ಏರುದಾರಿಯ ತುದಿ ಮುಟ್ಟಿದೊಡನೆ ಪರದೆ ಕಪ್ಪಾಯಿತು, ಡಬ್ಬ ತಾನಾಗಿ ಆರಿ ಮತ್ತೆ ಮೊದಲಿಂದ ಶುರುವಾಯಿತು.

"ಎಂಜಿನ್ ಸೀಜ್, ಜಾಮ್ ಆಯ್ತು" ಎಂದರು ಮಾವ. ಅವರ ನಗು ಇಳಿದುಹೋಯಿತು.

ಅವಳಿಗೆ ಮಾತ್ರ ಹುರುಪು ಏರಿತು. ಪಕ್ಕದ ತಗಡು ಬಿಚ್ಚಿದಳು. ಒಳಗೆ ಪಾರ್ಲರಿನ ಕಾಲದ ಧೂಳೆಲ್ಲ ಕಂಬಳಿಯ ಹಾಗೆ ಹಾಸಿಕೊಂಡಿತ್ತು. ಕಾರ್ಡಿನ ಎರಡು ಪುಟ್ಟ ಫ್ಯಾನುಗಳಲ್ಲಿ ಒಂದಕ್ಕೆ ಯಾವುದೋ ತಂತಿ ತಾಗಿಕೊಂಡು ಅದು ತಿರುಗುತ್ತಲೇ ಇರಲಿಲ್ಲ. ಆ ತಂತಿಯನ್ನು ಬದಿಗೆ ಸರಿಸಿ, ಡಬ್ಬವನ್ನು ಅಂಗಳಕ್ಕೆ ಒಯ್ದು, ಎಸಿ ತೊಳೆಯಲು ಬಳಸುವ ಬ್ರಷ್ಷಿನಿಂದಲೇ ಎಳೆಎಳೆಯಾಗಿ ಧೂಳು ತೆಗೆದಳು. ಊದುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಒತ್ತಿಹಿಡಿಯಬೇಕು, ಇಲ್ಲದಿದ್ದರೆ ಅದು ಹುಚ್ಚೆದ್ದು ತಿರುಗಿ ಕೆಡುತ್ತದೆ. ಮಾವ ಕುರ್ಚಿ ತಂದು ಹಾಕಿಕೊಂಡು, ಹೇಳದೆಯೇ ಆ ಎಲೆಯನ್ನು ಹಿಡಿದರು.

"ರೇಡಿಯೇಟರ್ ತೊಳೆದ ಹಾಗೇ ಇದೆಯಲ್ಲೇ" ಎಂದರು. ಅವಳನ್ನು 'ಅಮ್ಮ' ಬಿಟ್ಟು 'ಏ' ಎಂದು ಮನೆಮಗಳಂತೆ ಕರೆದದ್ದು ಅದೇ ಮೊದಲು. ಅವಳು ಗಮನಿಸಿದಳು.

ಈ ಸಲ ಬಿಸಿ ಎಷ್ಟಾಗುತ್ತದೆಂದು ತೋರಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಹಾಕಿ, ಪರದೆಯ ಮೂಲೆಯಲ್ಲಿ ಅಂಕಿ ಕಾಣುವಂತೆ ಮಾಡಿದಳು. ಬಿಸಿ ಎಪ್ಪತ್ತು ಡಿಗ್ರಿ ದಾಟಲಿಲ್ಲ, ಕಾರ್ಡಿಗೆ ಅಷ್ಟು ಮಾಮೂಲು. ಮಾವ ನಿಧಾನವಾಗಿ ಓಡಿಸಿದರು, ಬಸ್ಸು ಏರಿನ ತುದಿಗೆ ಬಂತು. ಇಪ್ಪತ್ತೈದನೇ ನಿಮಿಷಕ್ಕೆ ಮತ್ತೆ ಕಪ್ಪು.

ಅತ್ತೆ ಕಾಫಿ ತಂದಿಟ್ಟರು. ಯಾರೂ ಮುಟ್ಟಲಿಲ್ಲ. "ಹೋಗ್ಲಿ ಬಿಡಮ್ಮ, ರಜಾದಿನ ಪೂರ್ತಿ ಇದಕ್ಕೇ ಹೋಯ್ತು" ಎಂದರು ಮಾವ. ಅವಳು ತಲೆಯಾಡಿಸಿ ಕೂತಲ್ಲೇ ಯೋಚಿಸಿದಳು. ಬಿಸಿ ಕಾರಣವಲ್ಲ. ಹಾಗಾದರೆ ಏರಿನಲ್ಲೇ ಯಾಕೆ? ಏರಿನ ಮೇಲಿನಿಂದ ಇಡೀ ಊರು ಒಟ್ಟಿಗೆ ಕಾಣುತ್ತದೆ. ಅಷ್ಟನ್ನೂ ಒಮ್ಮೆಲೇ ಬಿಡಿಸಬೇಕಾದರೆ ಕಾರ್ಡ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತದೆ. ಫ್ರಿಜ್ಜಿನ ಕಂಪ್ರೆಸರ್ ಶುರುವಾಗುವಾಗ ಎಳೆಯುವುದೂ ಹೀಗೆಯೇ. ತಂತಿ ಸಣ್ಣದಾದರೆ ಅಲ್ಲೇ ಮುಗ್ಗರಿಸುತ್ತದೆ.

ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕಾರ್ಡಿಗೆ ಕರೆಂಟ್ ತರುವ ತಂತಿಯನ್ನು ಬೆರಳಲ್ಲಿ ಸವರಿದಳು. ಇನ್ನೂ ಬೆಚ್ಚಗಿತ್ತು. ಕಾರ್ಡಿಗೆ ಎರಡು ಬಾಯಿ. ಎರಡಕ್ಕೂ ಒಂದೇ ತಂತಿಯ ಎರಡು ಕವಲು ಸಿಕ್ಕಿಸಿದ್ದರು. ಒಂದು ಕವಲಿನ ತುದಿಯ ಬಿಳಿ ಪ್ಲಾಸ್ಟಿಕ್ ಅಂಚು ಕಂದಿತ್ತು.

"ಸಿಕ್ತು ಮಾವ! ಎರಡು ತಂತಿ ಮಾಡೋ ಕೆಲಸ ಒಂದರ ತಲೆ ಮೇಲೆ ಹಾಕಿದಾರೆ. ಇಷ್ಟು ದಿನ ಹೇಗೋ ತಡ್ಕೊಂಡಿತ್ತು, ಕಂದಿ ಕಂದಿ ಈಗ ಸೋತಿದೆ."

ಎರಡನೇ ತಂತಿ ಡಬ್ಬದೊಳಗೇ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಮೂಲೆಯಲ್ಲಿ ಮುದುಡಿ ಬಿದ್ದಿತ್ತು. ಬಿಡಿಸಿ ನೋಡಿದರೆ ಅದಕ್ಕೂ ಅಂಥದೇ ಎರಡು ತುದಿ. ಕಂದಿದ ತುದಿಯನ್ನು ಹಾಗೇ ಬಿಟ್ಟು, ಹಳೆಯ ತಂತಿಯ ಚೆನ್ನಾಗಿದ್ದ ತುದಿಯನ್ನು ಒಂದು ಬಾಯಿಗೂ ಹೊಸದರ ತುದಿಯನ್ನು ಇನ್ನೊಂದಕ್ಕೂ ಟಕ್ಕೆನ್ನುವವರೆಗೆ ಒತ್ತಿದಳು.

ಆ ಸಂಜೆ ಮಾವ ಒಂದು ಗಂಟೆ ಬಸ್ಸು ಓಡಿಸಿದರು. ಏರು ಹತ್ತಿ, ಇಳಿದು, ಮತ್ತೆ ಹತ್ತಿದರು. ಬಸ್ಸು ಎಲ್ಲೂ ನಿಲ್ಲಲಿಲ್ಲ. ಆದರೂ ಅವಳು, "ಶನಿವಾರದ ತನಕ ದಿನಾ ಓಡಿಸಿ ನೋಡಿ, ಈಗಲೇ ನಂಬಬೇಡಿ" ಎಂದಳು. ಮಾವ ಆ ವಾರ ಒಂದು ದಿನವೂ ತಪ್ಪಿಸಲಿಲ್ಲ. ಅಂಥ ಅಪ್ಪಣೆಯನ್ನು ಯಾರು ತಾನೆ ಮೀರುತ್ತಾರೆ!

ಶನಿವಾರ ಅವಳಿಗೆ ಅರ್ಧ ದಿನ ಕೆಲಸ. ಮನೆಗೆ ಬಂದಾಗ ಕಂಡಕ್ಟರು ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು. ಪೋಸ್ಟಾಫೀಸು ಆಯಿತು, ಆಸ್ಪತ್ರೆ ಆಯಿತು, ಮಾರ್ಕೆಟ್ ಆಯಿತು. ಏರಿನ ತುದಿಯಲ್ಲಿ ಊರೆಲ್ಲ ಒಟ್ಟಿಗೆ ಕಾಣಿಸಿಕೊಂಡಾಗ ಅವರು ಎಡಗೈಯಿಂದ ತೊಡೆ ತಟ್ಟಿ, "ನೀ... ನೀರಿನ ಟ್ಯಾಂಕ್" ಎಂದರು. ಅದು ಎಂಟನೆಯದು. ಈವರೆಗೆ ಬಾಯಿಗೆ ಬಂದಿರಲಿಲ್ಲ.

"ರಿಪೇರಿ ಮಾಡಿದ್ದು ನಮ್ಮ ಸೊಸೆ ಕಣಯ್ಯ" ಎಂದರು ಮಾವ, ರಸ್ತೆಯಿಂದ ಕಣ್ಣು ತೆಗೆಯದೆ.

ಕಂಡಕ್ಟರು ಅವಳ ಕಡೆ ತಿರುಗಿದರು. ತುಟಿ ಅಲುಗಿತು, ಪದ ಬರಲಿಲ್ಲ, ಮತ್ತೆ ಅಲುಗಿತು. ಅವಳು ಬ್ಯಾಗ್ ಕೆಳಗಿಟ್ಟು ಕಾದಳು. ಎಸಿಯೊಳಗೆ ಗ್ಯಾಸ್ ತುಂಬುವಾಗ ಕಾಯುವ ಹಾಗೆ, ಅವಸರವಿಲ್ಲದೆ.

"ಎಲ್ಲಿ..." ಎಂದರು. ಉಸಿರು ಎಳೆದುಕೊಂಡರು. "ಎಲ್ಲಿ ಕಲ್ತೆ... ಮಗಳೇ?"

ಅದು ಸ್ಟಾಪಿನ ಹೆಸರಲ್ಲ. ಯಾವ ರೂಟಿನಲ್ಲೂ ಇಲ್ಲದ, ಅವರದೇ ಸ್ವಂತ ಮಾತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಮಾವ ಬಸ್ಸನ್ನು ರಸ್ತೆಯ ಅಂಚಿಗೆ ತಂದರು. ಇಂಡಿಕೇಟರ್ ಹಾಕಿ, ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು.

"ಹೌದಲ್ಲೇ" ಎಂದರು, ತುಸು ನಾಚಿಕೆಯಿಂದ. "ನಾನೂ ಕೇಳೇ ಇಲ್ಲ. ಎಲ್ಲಿ ಕಲ್ತೆ?"

ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಳು. "ಹದಿನೇಳು ವರ್ಷಕ್ಕೇ ಮಾವ, ನಮ್ಮನೆ ಎದುರಿನ ಒಂದು ರಿಪೇರಿ ಅಂಗಡೀಲಿ" ಎಂದು ಶುರುಮಾಡಿದಳು. "ಮೊದಲ ದಿನವೇ ಶಾಕ್ ಹೊಡೆಸ್ಕೊಂಡೆ!"

ಇಬ್ಬರು ಮುದುಕರೂ ಒಟ್ಟಿಗೆ ನಕ್ಕರು. ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಒರಗಿ ನಿಂತು, "ಮೊದಲಿಂದ ಹೇಳೇ, ನಂಗೆ ಕೇಳಿಸ್ಲಿಲ್ಲ" ಎಂದರು.